ಒಂದು ಸಲ ‘ಬ್ಯಾಡ’ ಅಂದ ಮೇಲೆ

ಮೊನ್ನೆ ಆಲಮೇಲದಲ್ಲಿ ಒಬ್ಬರ ಮನೆಗೆ ಪ್ರಾರ್ಥನೆಗೆಂದು ಹೋಗಿದ್ದೆ. ಪ್ರಾರ್ಥನೆ ಮುಗಿದ ಮೇಲೆ ಊಟಕ್ಕೆ ಕೂಡ್ರಿಸಿದರು. ಬಿಸಿ ಜೋಳದ ರೊಟ್ಟಿ, ಎಣಗಾಯಿ, ಗಟ್ಟಿ ಮೊಸರು, ತಾಟಿನ ಅಂಚಿಗೆ ಶೇಂಗಾ ಹಿಂಡಿ. ಹಾಕಿದ ರೊಟ್ಟಿ ಮುಗಿಯುತ್ತ ಬಂದಿತ್ತು. ಮನೆಯಾಕೆ ಬುಟ್ಟಿ ಹಿಡಿದುಕೊಂಡು ಬಂದು, “ಇನ್ನೊಂದ ರೊಟ್ಟಿ ಹಾಕ್ಲ್ಯಾರಿ ಅಕ್ಕಾರ?” ಎಂದು ಕೇಳಿದರು.

“ಹಾಕ್ರಿ,” ಎಂದೆ.

ಆಕೆ ರೊಟ್ಟಿ ಹಾಕಲಿಲ್ಲ. ಬುಟ್ಟಿ ಹಿಡಿದುಕೊಂಡು ಹಾಗೇ ನಿಂತರು. ಪಾಪ, ಒತ್ತಾಯ ಮಾಡಲು ಟೊಂಕ ಕಟ್ಟಿಕೊಂಡು ಬಂದವರಿಗೆ ನಾನು ಕೆಲಸವೇ ಇಲ್ಲದಂತೆ ಮಾಡಿದ್ದೆ. ಆಮೇಲೆ ಸಾವರಿಸಿಕೊಂಡು ರೊಟ್ಟಿ ಹಾಕಿದರು. ಒಳಗೆ ಹೋಗಿ ಸೊಸೆಯ ಹತ್ತಿರ ಮೆಲ್ಲಗೆ, “ಹೊರದೇಶಕ್ಕ ಹೋಗಿ ಬಂದಾರಲ್ಲ, ಸಂಕೋಚ ಇಲ್ಲ ನೋಡ,” ಎಂದದ್ದು ನನಗೂ ಕೇಳಿಸಿತು. ಮೆಲ್ಲಗೆ ಮಾತಾಡುವುದು ನಮ್ಮ ಕಡೆಯವರಿಗೆ ಬರುವುದಿಲ್ಲ.

ಈ ಕಡೆ ಉಂಡವರಿಗೆ ನಮ್ಮ ಊಟದ ಶಿಸ್ತು ಗೊತ್ತೇ ಇರುತ್ತದೆ. ಬಡಿಸುವವರು ಕೇಳಿದಾಗ ನಾವು ಮೊದಲು ‘ಬ್ಯಾಡ್ರಿ’ ಅನ್ನಬೇಕು. ಅವರು ‘ಏ, ಏನ ಉಂಡೀರಿ ನೀವು, ಒಂದ ಹಾಕೋರಿ’ ಅನ್ನಬೇಕು. ನಾವು ‘ಖರೇನ ಸಾಕ್ರಿ, ಹೊಟ್ಟಿ ತುಂಬೇತಿ’ ಅನ್ನಬೇಕು. ಆಮೇಲೆ ಅವರು ಬಗ್ಗಬೇಕು, ನಾವು ತಾಟಿನ ಮೇಲೆ ಕೈ ಅಡ್ಡ ಹಿಡಿಯಬೇಕು, ಅವರು ಆ ಕೈಯ ಮೇಲೆಯೇ ರೊಟ್ಟಿ ಇಟ್ಟು ಹೋಗಬೇಕು. ‘ಎಷ್ಟ ಜುಲುಮಿ ಮಾಡ್ತೀರಿ’ ಎಂದು ಗೊಣಗುತ್ತ, ಒಳಗೊಳಗೇ ಖುಷಿಪಡುತ್ತ ತಿನ್ನಬೇಕು. ಹೊಟ್ಟೆ ತುಂಬಿದವರೂ ಹಸಿದವರೂ ಆಡುವುದು ಇದೇ ಮಾತು. ಯಾರು ಯಾವ ಪೈಕಿ ಎಂಬುದನ್ನು ಮುಖ ನೋಡಿ ತಿಳಿದುಕೊಳ್ಳುವುದು ಬಡಿಸುವವರ ಜವಾಬ್ದಾರಿ.

ನಾನೂ ಈ ಶಿಸ್ತಿನಲ್ಲೇ ಬೆಳೆದವಳು. ಅದನ್ನು ಮರೆತದ್ದು ಸ್ಕಾಟ್ಲೆಂಡಿನಲ್ಲಿ, ಮರೆಯುವ ಮೊದಲು ಅದರಿಂದ ಪಟ್ಟ ಪಾಡು ಹೇಳುತ್ತೇನೆ, ಕೇಳಿ.

ನಮ್ಮದು ಇಂಡಿ. ಅಜ್ಜನ ಕಾಲದಿಂದ ನಾವು ಕ್ರೈಸ್ತರು. ಅದು ಬಿಟ್ಟರೆ ಓಣಿಯವರಿಗೂ ನಮಗೂ ವ್ಯತ್ಯಾಸ ಹುಡುಕುವವರು ಕನ್ನಡಕ ಹಾಕಿಕೊಳ್ಳಬೇಕು. ಅಪ್ಪ ನಾನು ಸಣ್ಣವಳಿದ್ದಾಗಲೇ ತೀರಿಕೊಂಡರು. ಅವ್ವ ಖಾನಾವಳಿಗಳಿಗೆ ರೊಟ್ಟಿ ಬಡಿದು ಕೊಟ್ಟು ನನ್ನನ್ನೂ ತಮ್ಮ ಸಮುವೇಲನನ್ನೂ ಬೆಳೆಸಿದಳು. ಬೆಳೆಸಿದಳು ಅನ್ನುವುದಕ್ಕಿಂತ, ಅವ್ವ ರೊಟ್ಟಿ ಬಡಿದಳು, ನಾನು ಸಮುವೇಲನನ್ನು ಬೆಳೆಸಿದೆ ಅನ್ನುವುದು ಸರಿ. ಅವನನ್ನು ಸೊಂಟದ ಮೇಲೆ ಹೊತ್ತು ತಿರುಗಿ ನನ್ನ ಎಡ ಸೊಂಟ ಇವತ್ತಿಗೂ ಬಲಕ್ಕಿಂತ ಸ್ವಲ್ಪ ಹೊರಗಿದೆ. ಓಣಿಯವರು ಅವನನ್ನು ಸಮ್ಯಾ ಅನ್ನುತ್ತಾರೆ, ನನ್ನನ್ನು ರೂತವ್ವ ಅನ್ನುತ್ತಾರೆ. ಸಿಂದಗಿಯ ಒಂದು ಶಾಲೆಯಲ್ಲಿ ಕಲಿಸುತ್ತಿದ್ದ ನನಗೆ ಮಿಷನರಿ ಸೇವೆಗೆ ಹೋಗಬೇಕೆಂಬ ಹುಚ್ಚು ಹಿಡಿದದ್ದು ಬೇರೆಯೇ ಕಥೆ. ಅಂತೂ ಅರ್ಜಿ ಹಾಕಿದೆ, ಆರಿಸಿದರು. ವರ್ಷದ ತರಬೇತಿಗೆ ಸ್ಕಾಟ್ಲೆಂಡಿಗೆ ಬಾ ಎಂದರು. ಹೊರಡುವ ದಿನ ಅವ್ವ ಅಳಲಿಲ್ಲ. ಹಳೆಯ ಧೋತರದಲ್ಲಿ ಖಡಕ್ ರೊಟ್ಟಿಯ ದೊಡ್ಡ ಗಂಟು ಕಟ್ಟಿ ಚೀಲದಲ್ಲಿ ತುರುಕಿದಳು. ಬೆಚ್ಚಗಿನ ಬಟ್ಟೆಗೆ ಜಾಗವಿಲ್ಲ ಎಂದರೆ, “ಅರಬಿ ಅಲ್ಲೂ ಸಿಗ್ತಾವ, ರೊಟ್ಟಿ ಸಿಗತಾವೇನು?” ಎಂದಳು. ಅವಳ ಮಾತು ಅಕ್ಷರಶಃ ನಿಜವಾಯಿತು.

ತರಬೇತಿ ಕೇಂದ್ರ ಸಮುದ್ರದ ದಂಡೆಯ ಒಂದು ಸಣ್ಣ ಊರಿನಲ್ಲಿತ್ತು. ಹಳೆಯ ಕಲ್ಲಿನ ಮನೆ. ನೀರು ಅಂದರೆ ನಾನು ಕಂಡದ್ದು ಭೀಮೆಯ ಪ್ರವಾಹ, ಅದೂ ಸೇತುವೆಯ ಮೇಲೆ ನಿಂತು. ಅಲ್ಲಿ ಕಿಟಕಿ ತೆರೆದರೆ ಎದುರಿಗೆ ಬೂದಿ ಬಣ್ಣದ ಸಮುದ್ರ. ಗಾಳಿ ಎಂಥದೆಂದರೆ ಮೊದಲ ದಿನ ನನ್ನ ದುಪಟ್ಟಾ ಹಾರಿ ಹೋದದ್ದು ಮತ್ತೆ ಸಿಗಲಿಲ್ಲ. ಚಳಿಗಾಲದಲ್ಲಿ ಮಧ್ಯಾಹ್ನದ ಚಹಾ ಕುಡಿಯುವಷ್ಟರಲ್ಲಿ ಕತ್ತಲಾಗುತ್ತಿತ್ತು. ಇಂಡಿಯ ಬಿಸಿಲನ್ನು ಹುಟ್ಟಿದಾಗಿನಿಂದ ಬೈದುಕೊಂಡೇ ಬಂದವಳು ನಾನು, ಅಲ್ಲಿ ಅದಕ್ಕಾಗಿ ಪ್ರಾರ್ಥನೆ ಮಾಡಿದೆ.

ಬೆಳಿಗ್ಗೆ ಗಂಟೆ ಬಾರಿಸಿದ ಕೂಡಲೇ ಏಳಬೇಕು. ಮೊದಲು ಮೌನದ ಅರ್ಧ ತಾಸು, ಯಾರೂ ತುಟಿ ಬಿಚ್ಚುವಂತಿಲ್ಲ. ಆಮೇಲೆ ಪ್ರಾರ್ಥನೆ, ಆಮೇಲೆ ಪಾಳಿಯ ಪ್ರಕಾರ ಕೆಲಸ. ಒಂದು ವಾರ ಆಲೂಗಡ್ಡೆ ಸುಲಿಯುವುದು, ಒಂದು ವಾರ ಬಚ್ಚಲು ತೊಳೆಯುವುದು, ಒಂದು ವಾರ ತೋಟದಲ್ಲಿ ಚಳಿಗೆ ನಡುಗುವುದು. ಹೊತ್ತೇರಿದ ಮೇಲೆ ಪಾಠ. ಬೇರೆ ಜನರ ನಡುವೆ ಹೇಗೆ ಬಾಳಬೇಕು, ಎದುರಿಗಿಟ್ಟದ್ದನ್ನು ಮುಖ ಸಿಂಡರಿಸದೆ ಹೇಗೆ ತಿನ್ನಬೇಕು, ಎಲ್ಲಿ ಬೇಕಾದರೂ ಹೇಗೆ ಮಲಗಬೇಕು. ಕೊನೆಯದರಲ್ಲಿ ನಾನು ಎಲ್ಲರಿಗಿಂತ ಮುಂದೆ. ವಿಜಯಪುರದಿಂದ ಮುದ್ದೇಬಿಹಾಳಕ್ಕೆ ಹೋಗುವ ಬಸ್ಸಿನಲ್ಲಿ ಕಂಬ ಹಿಡಿದು ನಿಂತು ನಿದ್ದೆ ಮಾಡಿದವಳಿಗೆ ಹಲಗೆಯ ಮೇಲೆ ಮಲಗುವುದು ಯಾವ ಲೆಕ್ಕ? ಫೋನು ಮಾತ್ರ ಆಫೀಸಿನ ಪೆಟ್ಟಿಗೆಯಲ್ಲಿ. ರವಿವಾರ ಮಧ್ಯಾಹ್ನ ಕೊಡುತ್ತಿದ್ದರು, ಸಂಜೆಗೆ ವಾಪಸು. ನಡುವೆ ಊರಿಗೆ ಹೋಗಿ ಬರುವುದಂತೂ ಇಲ್ಲವೇ ಇಲ್ಲ ಎಂಬುದು ಮೊದಲ ದಿನವೇ ಓದಿ ಹೇಳಿದ ನಿಯಮ.

ಶುಕ್ರವಾರ ಸಂಜೆ ತ್ಯಾಗದ ಊಟ ಎಂದು ಒಂದಿತ್ತು. ಬಡ ದೇಶಗಳ ಜನರನ್ನು ನೆನೆದು ಅವತ್ತು ಬರೀ ಅನ್ನ ಮತ್ತು ಬೇಳೆ. ಕೊರಿಯಾದ ಒಬ್ಬ, ಜರ್ಮನಿಯ ಇಬ್ಬರು, ಎಲ್ಲರೂ ಗಂಭೀರವಾಗಿ ತಲೆ ತಗ್ಗಿಸಿ ಆ ಅನ್ನ ಬೇಳೆಯನ್ನು ಸಹಿಸಿಕೊಳ್ಳುತ್ತಿದ್ದರು. ನನಗೆ ವಾರವಿಡೀ ಕಾಯುವ ಹಬ್ಬ ಅದು. ಅವತ್ತು ಎಲ್ಲರೂ ತಾವೇ ಹಾಕಿಕೊಳ್ಳುವ ಪದ್ಧತಿ, ಯಾರ ಉಪಚಾರವೂ ಬೇಕಿಲ್ಲ. ಮತ್ತೆ ಮತ್ತೆ ಹಾಕಿಕೊಂಡು, ಅವ್ವ ರೊಟ್ಟಿಯ ಜೊತೆ ಕಟ್ಟಿಕೊಟ್ಟ ಶೇಂಗಾ ಹಿಂಡಿಯ ಪುಡಿ ಕಲಸಿಕೊಂಡು, ತ್ಯಾಗದಲ್ಲಿ ಎಲ್ಲರನ್ನೂ ಮೀರಿಸುತ್ತಿದ್ದೆ.

ಉಳಿದ ದಿನಗಳ ಪಾಡು ಬೇರೆ. ಮೇಜಿನ ತುದಿಗೆ ಕೇಂದ್ರದ ಮುಖ್ಯಸ್ಥೆ ಮಾರ್ಗರೆಟ್ ಕೂತು ತಾನೇ ಬಡಿಸುತ್ತಿದ್ದಳು. ಬಿಳಿ ಕೂದಲಿನ, ಕೆಂಪು ಕೆನ್ನೆಯ, ದೊಡ್ಡ ದನಿಯ ಹೆಂಗಸು. ಮೊದಲ ದಿನ ಸೌಟು ಹಿಡಿದು, “ರೂತ್, ಸೂಪು ಬೇಕೇ?” ಎಂದಳು. ನಾನು ಸಂಭಾವಿತಳಂತೆ, “ಬೇಡ, ಸಾಕು,” ಎಂದೆ. “ಸರಿ,” ಎಂದು ಸೌಟನ್ನು ಮುಂದಿನವನ ಕಡೆ ತಿರುಗಿಸಿದಳು.

ನಾನು ಕಾದೆ. ಮತ್ತೆ ಈ ಕಡೆ ಬರುತ್ತಾಳೆ ಎಂದು ತಾಟಿನ ಮೇಲೆ ಅಡ್ಡ ಹಿಡಿಯಲು ಕೈ ಕೂಡ ಸಿದ್ಧ ಇಟ್ಟುಕೊಂಡಿದ್ದೆ. ಪಾತ್ರೆ ಖಾಲಿಯಾಯಿತು. ಆಲೂಗಡ್ಡೆ ಬಂತು, “ಬೇಡ” ಎಂದೆ, ಹೋಯಿತು. ಮರುದಿನವೂ ಹೀಗೇ. ಅದರ ಮರುದಿನವೂ. ಒಂದು ತುಂಡು ಬ್ರೆಡ್ಡು, ಅದೂ ಎಲ್ಲರ ಮುಂದೆ ಮೊದಲೇ ಇಟ್ಟಿರುತ್ತಿದ್ದರು ಅಂತ, ಅಷ್ಟೇ ನನ್ನ ಪಾಲಿಗೆ. ಇವರೆಂಥ ಜನ, ಒಂದು ಸಲವಾದರೂ ಜುಲುಮಿ ಮಾಡಬಾರದೇ ಎಂದು ಸಿಟ್ಟು ಬಂತು. ಬದಲಾಗಬೇಕಾದವಳು ನಾನು ಎಂಬುದು ಮಾತ್ರ ಹೊಳೆಯಲಿಲ್ಲ. ಕೇಳಿದ ಕೂಡಲೇ ‘ಹಾಕಿ’ ಅನ್ನುವುದೆಂದರೆ ಅವ್ವನ ಮರ್ಯಾದೆ ಕಳೆದಂತೆ.

ಆ ಮಿಷನರಿಗಳ ನಡುವೆ ನನ್ನ ಹಸಿವಿಗೆ ಬೇರೆಯೇ ಅರ್ಥ ಹುಟ್ಟಿತು. ಭಾರತದಿಂದ ಬಂದ ಸಹೋದರಿ ಶುಕ್ರವಾರವೊಂದು ಬಿಟ್ಟು ವಾರವಿಡೀ ಉಪವಾಸ ಪ್ರಾರ್ಥನೆಯಲ್ಲಿದ್ದಾಳೆ ಎಂದು ಸುದ್ದಿಯಾಯಿತು. ಜನ ನನ್ನನ್ನು ಕಂಡರೆ ದಾರಿ ಬಿಟ್ಟು ನಿಲ್ಲತೊಡಗಿದರು. ಕೊರಿಯಾದವನು ಬಂದು, ಅವನ ತಾಯಿಯ ಮಂಡಿನೋವಿಗಾಗಿ ನಾನು ಪ್ರಾರ್ಥಿಸಬೇಕೆಂದು ಕೇಳಿಕೊಂಡ. ಮಾರ್ಗರೆಟ್ ಒಂದು ದಿನ, “ಮುಂದಿನ ಬುಧವಾರ ಉಪವಾಸದ ಬಗ್ಗೆ ನೀನೇ ನಾಲ್ಕು ಮಾತು ಹೇಳು,” ಎಂದಳು. ‘ಬೇಡ’ ಎಂದೆ. ಆಶ್ಚರ್ಯವೆಂದರೆ ಅದಕ್ಕೆ ಮಾತ್ರ ಆಕೆ ಒತ್ತಾಯ ಮಾಡಿದಳು.

ನನ್ನನ್ನು ಹಿಡಿದುಕೊಟ್ಟದ್ದು ಅವ್ವನ ರೊಟ್ಟಿ. ಒಂದು ಬೆಳಿಗ್ಗೆ ಮೌನದ ಅರ್ಧ ತಾಸಿನಲ್ಲಿ ಹಸಿವು ತಡೆಯಲಾಗದೆ ಗಂಟಿನಿಂದ ಒಂದು ಖಡಕ್ ರೊಟ್ಟಿ ತೆಗೆದು ಕಂಬಳಿಯೊಳಗೆ ಸೇರಿಕೊಂಡೆ. ಖಡಕ್ ರೊಟ್ಟಿಯನ್ನು ಕದ್ದು ತಿನ್ನಲಿಕ್ಕೆ ಆಗುವುದಿಲ್ಲ, ನಿಮಗೆ ಗೊತ್ತಿದೆ. ಮುರಿದರೆ ಕಟಂ, ಅಗಿದರೆ ಕರಂ ಕುರುಂ. ಆ ಮೌನದಲ್ಲಿ ಅದು ಛಾವಣಿಯ ಹೆಂಚು ಒಡೆದಂತೆ ಕೇಳಿಸಿತು. ಕೋಣೆಯ ಇನ್ನೊಂದು ಮಂಚದಲ್ಲಿದ್ದ ಗ್ರೇಸ್ ಎದ್ದು ಬಂದು ಕಂಬಳಿ ಎಳೆದಳು. ಕೀನ್ಯಾದವಳು, ನನ್ನದೇ ವಯಸ್ಸು. ಬಾಯ್ತುಂಬ ರೊಟ್ಟಿ ಇಟ್ಟುಕೊಂಡ ಮಹಾ ಉಪವಾಸಿಯನ್ನು ಒಂದು ಗಳಿಗೆ ನೋಡಿದಳು. ಮೌನ ಮುರಿಯುವಂತಿಲ್ಲವಲ್ಲ, ದಿಂಬು ಕಚ್ಚಿಕೊಂಡು ನೆಲದ ಮೇಲೆ ಉರುಳಾಡಿ ನಕ್ಕಳು. ಮೌನ ಮುಗಿದ ಮೇಲೆ ನಾನು ಎಲ್ಲ ಹೇಳಿದೆ. “ನಮ್ಮೂರಲ್ಲೂ ಹೀಗೇ, ಅತಿಥಿ ಬೇಡ ಅಂದರೂ ಬಿಡುವುದಿಲ್ಲ. ಇಲ್ಲಿ ಬೇಡ ಅಂದರೆ ಬೇಡ ಅಂತಲೇ. ಅವರು ನಿನ್ನ ಮಾತಿಗೆ ಬೆಲೆ ಕೊಡುತ್ತಿದ್ದಾರೆ ಅಷ್ಟೆ,” ಎಂದಳು. ಹೇಳುತ್ತ ಹೇಳುತ್ತ ನನ್ನ ಮೂರು ರೊಟ್ಟಿ ತಿಂದು ಮುಗಿಸಿದಳು.

ಅವತ್ತಿನ ಮಧ್ಯಾಹ್ನ ಮಾರ್ಗರೆಟ್ “ಸೂಪು?” ಎನ್ನುವಷ್ಟರಲ್ಲಿ “ಹಾಕಿ” ಎಂದೆ. ಉಪವಾಸ ಬಿಟ್ಟಳೆಂದು ಇಡೀ ಮೇಜು ಸಂತೋಷಪಟ್ಟಿತು.

ಹೀಗೆ ಊಟದ ಮಟ್ಟಿಗೆ ಪಾಠ ಕಲಿತೆ. ಆದರೆ ಹುಟ್ಟುಗುಣ ಊಟದ ಮೇಜಿನ ಮೇಲಷ್ಟೇ ಇರುವುದಿಲ್ಲವಲ್ಲ.

ಚಳಿ ಕಡಿಮೆಯಾಗುತ್ತ ಬಂದ ಒಂದು ರವಿವಾರ ಸಮ್ಯಾನ ಫೋನು ಬಂತು. ಅವನಿಗೆ ಚಡಚಣದ ಹುಡುಗಿ ಶೋಭಾಳನ್ನು ನಿಶ್ಚಯ ಮಾಡಿದ್ದು ನನಗೆ ಗೊತ್ತಿತ್ತು. ನಾನು ಬರುವ ತನಕ ಮದುವೆ ತಡೆಯುವುದೆಂದು ಮಾತಾಗಿತ್ತು. ಈಗ ಹುಡುಗಿಯ ಅಜ್ಜಿ ಹಾಸಿಗೆ ಹಿಡಿದಿದ್ದರು, ತಾನು ಕಣ್ಣಾರೆ ನೋಡಬೇಕು ಅನ್ನುತ್ತಿದ್ದರು. ಬೇಸಿಗೆಯಲ್ಲೇ ಆಗಬೇಕು.

“ಮಾಡ್ಕೋ. ಅಜ್ಜಿಗಿಂತ ದೊಡ್ಡದೇನೈತಿ,” ಎಂದೆ.

“ಅದ ಖರೆ. ಆದರ ಅಕ್ಕಾ, ಬಾಗಲಾ ಯಾರ ತಡೀತಾರ?” ಎಂದ.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮಲ್ಲಿ ಮದುವೆ ನಡೆಸುವವರು ಪಾಸ್ಟರು, ನಡೆಯುವುದು ಚರ್ಚಿನಲ್ಲಿ. ಆದರೆ ಅರಿಷಿಣ, ಬಳೆ, ಸೋಬಾನೆ, ಬಾಗಿಲು ತಡೆಯುವುದು, ಇವೆಲ್ಲ ಊರಿನವು. ಮದುಮಗಳು ಮೊದಲ ಸಲ ಗಂಡನ ಮನೆಗೆ ಬಂದಾಗ ಮದುಮಗನ ಅಕ್ಕ ತಲಬಾಗಿಲಿಗೆ ಅಡ್ಡ ನಿಲ್ಲುತ್ತಾಳೆ. ಗಂಡ ಹೆಂಡತಿ ಇಬ್ಬರೂ ಪ್ರಾಸ ಕಟ್ಟಿದ ಒಡಪು ಹಾಕಿ ಒಬ್ಬರ ಹೆಸರು ಒಬ್ಬರು ಹೇಳಬೇಕು. ಅಕ್ಕ ಏನಾದರೂ ಬೇಡುತ್ತಾಳೆ, ಹೆಚ್ಚಾಗಿ ಮುಂದೆ ಹುಟ್ಟುವ ಮಗಳನ್ನು ತನ್ನ ಮಗನಿಗೆ ಕೊಡಬೇಕೆಂದು. ಅವರು ಒಪ್ಪಿದ ಮೇಲೆ ದಾರಿ ಬಿಡುತ್ತಾಳೆ. ಆ ಒಂದು ಗಳಿಗೆ ಮನೆಯ ಒಡೆತನ ಪೂರ್ತಿ ಅಕ್ಕನದು. ನಾನು ಸಮ್ಯಾನನ್ನು ಸೊಂಟದ ಮೇಲೆ ಹೊತ್ತ ಕಾಲದಿಂದ ಆ ಗಳಿಗೆಗೆ ಕಾದವಳು. ಅವನಿಗಿನ್ನೂ ಹಲ್ಲು ಬಂದಿರಲಿಲ್ಲ, ಅವನ ಹೆಂಡತಿಯನ್ನು ಏನು ಬೇಡಬೇಕೆಂದು ನಾನು ಯೋಚಿಸಿ ಇಟ್ಟಿದ್ದೆ. ಇರುವವನು ಒಬ್ಬನೇ ತಮ್ಮ, ಅವನಿಗೆ ಇರುವವಳು ಒಬ್ಬಳೇ ಅಕ್ಕ.

“ಗಂಗವ್ವಾಯಿ ಮಗಳನ್ನ ನಿಲ್ಲಸ,” ಎಂದೆ. ಗಂಗವ್ವಾಯಿ ನಮ್ಮ ಮಗ್ಗುಲ ಮನೆಯವರು.

“ಹೂಂ,” ಎಂದ. ಅಷ್ಟೇ. ನೀನೇ ಬಾ ಎಂದು ಒಂದು ಮಾತು ಹಟ ಮಾಡಲಿಲ್ಲ. ಇವನಿಗೂ ಸ್ಕಾಟ್ಲೆಂಡಿನ ಗಾಳಿ ಬಡಿಯಿತೇನೋ ಎಂದು ನನಗೆ ಬಹಳ ಕೆಟ್ಟೆನಿಸಿತು.

ನನ್ನ ಮುಖ ನೋಡಿ ಮಾರ್ಗರೆಟ್ ಮರುದಿನ ಆಫೀಸಿಗೆ ಕರೆದಳು. ಎಲ್ಲ ಕೇಳಿಕೊಂಡಳು. ಆಮೇಲೆ, “ನಿಯಮ ಇದೆ, ನಿಜ. ಆದರೆ ಒಬ್ಬನೇ ತಮ್ಮ. ಹೋಗಿ ಬರುತ್ತೀಯಾ? ನಾನು ವ್ಯವಸ್ಥೆ ಮಾಡುತ್ತೇನೆ,” ಎಂದಳು.

ನೀವೇ ಹೇಳಿ, ಹೃದಯ ಬಾಯಿಗೆ ಬಂದಿತ್ತು. ಬಾಯಿಂದ ಹೊರಗೆ ಬಂದದ್ದು ಮಾತ್ರ, “ಬೇಡ, ಬೇಡ, ಪರವಾಗಿಲ್ಲ.”

“ಖಂಡಿತವಾಗಿಯೂ?” ಎಂದಳು.

“ಖಂಡಿತವಾಗಿಯೂ ಬೇಡ,” ಎಂದೆ, ಮತ್ತು ಮೂರನೆಯ ಸಲಕ್ಕೆ ಕಾಯುತ್ತ ಕೂತೆ.

ಮಾರ್ಗರೆಟ್‌ಳ ಕಣ್ಣು ತುಂಬಿ ಬಂದವು. ನನ್ನ ಎರಡೂ ಕೈ ಹಿಡಿದು ದೇವರು ನಿನ್ನನ್ನು ಆಶೀರ್ವದಿಸಲಿ ಎಂದಳು. ಎದ್ದು ಬಾಗಿಲ ತನಕ ಬಂದು ಕಳಿಸಿಕೊಟ್ಟಳು. ಹೊರಗೆ ಬಂದು ಗೋಡೆಗೆ ಆತು ನಿಂತ ಮೇಲೆ ನನಗೆ ತಿಳಿಯಿತು, ತಮ್ಮನ ಮದುವೆಯನ್ನು ನಾನು ಸೂಪಿನ ಹಾಗೆ ಕೈಬಿಟ್ಟಿದ್ದೆ.

ಮರುದಿನ ಬೆಳಿಗ್ಗೆ ಹೋಗಿ ಸರಿಮಾಡಿಕೊಳ್ಳೋಣ ಎಂದುಕೊಂಡರೆ, ಮಾರ್ಗರೆಟ್ ಪ್ರಾರ್ಥನೆಯಲ್ಲೇ ಎಲ್ಲರಿಗೂ ಹೇಳಿಬಿಟ್ಟಳು. ಸೇವೆಗಾಗಿ ಒಬ್ಬನೇ ತಮ್ಮನ ಮದುವೆಯನ್ನು ತ್ಯಾಗ ಮಾಡಿದ ಸಹೋದರಿ ಎಂದಳು. ಜರ್ಮನಿಯವರು ಅಪ್ಪಿಕೊಂಡರು. ಕೊರಿಯಾದವನು ಗಳಗಳ ಅತ್ತ. ಅಷ್ಟು ಜನ ಅತ್ತ ಮೇಲೆ ‘ಅದು ಹಾಗಲ್ಲರೀ, ನಮ್ಮ ಕಡೆ ಮೂರು ಸಲ ಕೇಳಬೇಕು’ ಎಂದು ಹೇಗೆ ಹೇಳುವುದು? ಆ ವಾರ ನನ್ನದು ಬಚ್ಚಲ ಪಾಳಿ. ಒಳಗೆ ಚಿಲಕ ಹಾಕಿಕೊಂಡು ಅಳುತ್ತ ತಿಕ್ಕಿದೆ. ಆ ಮನೆಯ ಬಚ್ಚಲುಗಳು ಅಷ್ಟು ಬೆಳ್ಳಗೆ ಮೊದಲೂ ಇರಲಿಲ್ಲ, ಆಮೇಲೂ ಇರಲಿಲ್ಲವಂತೆ.

ಗ್ರೇಸ್‌ಳಿಗೆ ಮಾತ್ರ ನಿಜ ಗೊತ್ತಿತ್ತು. ಹೋಗಿ ಹೇಳು, ಹೋಗಿ ಹೇಳು ಎಂದು ಬೆನ್ನು ಹತ್ತಿದಳು. ಅವಳಿಗೆ ಊರಿನಲ್ಲಿ ಒಬ್ಬ ಪುಟ್ಟ ಮಗನಿದ್ದ, ತಾಯಿಯ ಹತ್ತಿರ ಬಿಟ್ಟು ಬಂದಿದ್ದಳು. ಆ ರವಿವಾರ ಫೋನಿನಲ್ಲಿ ಇವಳ ಮುಖ ಕಂಡು ಅವನು ಅಜ್ಜಿಯ ಹಿಂದೆ ಅಡಗಿಕೊಂಡ, ಯಾರೋ ಹೊಸಬರು ಎಂದು. ಗ್ರೇಸ್ ಫೋನು ಪೆಟ್ಟಿಗೆಯಲ್ಲಿಟ್ಟು ಬಂದು ನನ್ನ ಎದುರು ಕೂತು ಆಲೂಗಡ್ಡೆ ಸುಲಿದಳು. ಒಂದನ್ನು ಸುಲಿದು ಸುಲಿದು ಲಿಂಬೆಹಣ್ಣಿನಷ್ಟು ಮಾಡಿದಳು. ಸಂಜೆಯ ಹೊತ್ತಿಗೆ ಅವಳೇ ಹಾಡಲು ಶುರು ಮಾಡಿದಳು, ಅವರ ಊರಿನ ಕುಣಿಯುವ ಹಾಡು. ಅಡುಗೆಮನೆಯಲ್ಲಿ ನನ್ನನ್ನೂ ಕುಣಿಸಿದಳು.

ಮರುದಿನ ಪಾತ್ರೆ ತೊಳೆಯುವಾಗ ಮಾರ್ಗರೆಟ್ ಪಕ್ಕದಲ್ಲಿ ಒರೆಸುತ್ತಿದ್ದಳು. ಇನ್ನು ತಡೆಯಲಾಗದೆ ಎಲ್ಲ ಹೇಳಿದೆ. ಸೂಪಿನಿಂದ ಹಿಡಿದು ಉಪವಾಸ, ಕಂಬಳಿಯೊಳಗಿನ ರೊಟ್ಟಿ, ಮೂರು ಸಲದ ಪದ್ಧತಿ, ಎಲ್ಲ. ಮಾರ್ಗರೆಟ್ ನಕ್ಕದ್ದು ಹೇಗೆಂದರೆ ಬಟ್ಟಲು ಕೈಜಾರಿ ಒಡೆಯಿತು. ನೆಲದ ಮೇಲೆ ಕೂತು ಮುಂಗೈಯಿಂದ ಕಣ್ಣೊರೆಸಿಕೊಂಡಳು. ಆಮೇಲೆ ಎದ್ದು, ಒರೆಸುವ ಬಟ್ಟೆಯನ್ನು ಮಡಚಿ ಇಟ್ಟು, ನನ್ನ ಎದುರಿಗೆ ನಿಂತಳು.

“ಹಾಗಾದರೆ ನಿಮ್ಮ ಊರಿನ ಹಾಗೇ ಕೇಳುತ್ತೇನೆ. ರೂತ್, ತಮ್ಮನ ಮದುವೆಗೆ ಹೋಗುತ್ತೀಯಾ?”

ನಾನು ಬಾಯಿ ತೆರೆದೆ. ಹಿಂದಿನ ದಿನದ ಆಲೂಗಡ್ಡೆ ಕಣ್ಣ ಮುಂದೆ ಬಂತು. ಇನ್ನು ಕೆಲವು ತಿಂಗಳಲ್ಲಿ ನನ್ನನ್ನು ಯಾವುದೋ ದೂರದ ಊರಿಗೆ ಕಳಿಸುತ್ತಾರೆ. ಅಲ್ಲಿಗೂ ಊರಿನಿಂದ ಮದುವೆ, ಬಾಣಂತನ, ಸಾವಿನ ಸುದ್ದಿ ಬರುತ್ತವೆ. ಒಂದೊಂದಕ್ಕೂ ಗಂಟು ಕಟ್ಟಿದರೆ ನಾನು ಹೊರಟು ಬಂದದ್ದಾದರೂ ಯಾತಕ್ಕೆ? ಮಗ ಗುರುತು ಹಿಡಿಯದಿದ್ದರೂ ಇಲ್ಲೇ ಉಳಿದವಳೊಬ್ಬಳು ಅದೇ ಮನೆಯಲ್ಲಿ ಹಾಡುತ್ತಿದ್ದಳು.

“ಬೇಡ,” ಎಂದೆ.

“ಹೋಗಿ ಬಾ, ಹುಡುಗಿ. ನಾನು ನಿಜವಾಗಿ ಹೇಳುತ್ತಿದ್ದೇನೆ.”

“ಬೇಡ.”

“ಕೊನೆಯ ಸಲ. ಟಿಕೆಟ್ಟು ಇವತ್ತೇ ಮಾಡಿಸುತ್ತೇನೆ.”

ಮೂರನೆಯ ಸಲವೂ “ಬೇಡ” ಎಂದೆ. ಹುಟ್ಟಿದಾಗಿನಿಂದ ಅಂದ ಅಷ್ಟೂ ‘ಬ್ಯಾಡ’ಗಳಲ್ಲಿ ಇದೊಂದನ್ನು ನಾನು ನಿಜವಾಗಿ ಅಂದಿದ್ದೆ. ಮಾರ್ಗರೆಟ್ ಈ ಸಲ ಆಶೀರ್ವಾದ ಮಾಡಲಿಲ್ಲ. ಒಡೆದ ಬಟ್ಟಲನ್ನು ಇಬ್ಬರೂ ಸೇರಿ ಗುಡಿಸಿದೆವು.

ಮದುವೆಯ ದಿನ ನಿಯಮ ಸಡಿಲಿಸಿ ಫೋನು ಕೈಗೆ ಕೊಟ್ಟರು. ಇಡೀ ಕೇಂದ್ರ ನನ್ನ ಸುತ್ತ ಕೂತಿತು. ಗ್ರೇಸ್ ನನ್ನ ಸೀರೆ ಉಟ್ಟುಕೊಂಡಿದ್ದಳು, ತಿರುವು ಮುರುವಾಗಿ. ಚಡಚಣದಲ್ಲಿ ಗದ್ದಲ, ಫೋನು ಯಾರ ಕೈಯಲ್ಲಿತ್ತೋ ತಿಳಿಯದು. ಒಂದು ತಾಸು ಫ್ಯಾನು ನೋಡಿದೆವು. ನಡುವೆ ಒಬ್ಬರ ತಲೆಯ ಪಟಕಾ ಕಂಡಿತು, ಬ್ಯಾಂಡು ಕೇಳಿಸಿತು, ಸಮ್ಯಾನ ಎಡಗಿವಿ ಒಂದು ಸಲ ಹಾದುಹೋಯಿತು. ಮುಂದೆ ಫೋನು ಸತ್ತಿತು. ಕೊರಿಯಾದವನು ಬಹಳ ಸುಂದರ ಮದುವೆ ಎಂದ.

ರವಿವಾರ ಫೋನು ಸಿಕ್ಕಾಗ ಮೊದಲು ಕೇಳಿದ್ದೇ ಅದು. “ಬಾಗಲಾ ಯಾರ ತಡದ್ರೋ?”

“ಆತ ಬಿಡಕ್ಕಾ, ಒಳಗ ಬಂದ್ವಿ,” ಎಂದ ಸಮ್ಯಾ. ಅಷ್ಟರಲ್ಲಿ ಅವ್ವ ಫೋನು ಕಸಿದುಕೊಂಡು, ಚಡಚಣದವರು ಬುಂದೆ ಎಷ್ಟು ಚಲೋ ಮಾಡಿಸಿದ್ದರು ಎಂದು ಶುರು ಮಾಡಿದಳು. ಗಂಗವ್ವಾಯಿಯ ಮಗಳು ನಮ್ಮ ಬಾಗಿಲಲ್ಲಿ ಕೈ ಚಾಚಿ ನಿಂತದ್ದನ್ನು ಕಲ್ಪಿಸಿಕೊಂಡು ಅವತ್ತು ನನಗೆ ಊಟ ಸೇರಲಿಲ್ಲ. ಆಕೆಯ ಮೇಲೆ ಸಿಟ್ಟು ಮಾಡುವ ಹಾಗೂ ಇಲ್ಲ, ನಿಲ್ಲಿಸು ಅಂದವಳು ನಾನೇ.

ದಿನ ಕಳೆದವು. ಶೋಭಾ ಬಸುರಿ ಎಂಬ ಸುದ್ದಿಯೂ ಒಂದು ರವಿವಾರವೇ ಬಂತು. ತರಬೇತಿ ಮುಗಿದು, ಗ್ರೇಸ್‌ಳನ್ನು ಬಿಟ್ಟು ಬರುವಾಗ ಇಬ್ಬರೂ ವಿಮಾನ ನಿಲ್ದಾಣದ ಕಾವಲುಗಾರರು ಬಂದು ನೋಡುವಷ್ಟು ಅತ್ತು, ಕ್ರಿಸ್‌ಮಸ್ಸಿಗೆ ಮೊದಲು ನಾನು ಊರು ಸೇರಿದೆ. ಸಿಂದಗಿಯಲ್ಲಿ ಶಾಲೆಯವರನ್ನು ಮಾತಾಡಿಸಿ ಇಂಡಿಯ ಬಸ್ಸು ಹತ್ತಿದೆ. ದಾರಿಯ ಎರಡೂ ಕಡೆ ಬಿಳಿಜೋಳ ಆಳೆತ್ತರ ನಿಂತಿತ್ತು. ಬಸ್‌ಸ್ಟ್ಯಾಂಡಿಗೆ ಸಮ್ಯಾ ಬಂದಿದ್ದ. ಮದುವೆಯಾದ ಮೇಲೆ ಸ್ವಲ್ಪ ತುಂಬಿಕೊಂಡಿದ್ದ. ಚೀಲ ಇಸಿದುಕೊಂಡು, “ರೊಟ್ಟಿ ಗಂಟ ಖಾಲಿ ಆದಂಗ ಕಾಣ್ತದ,” ಎಂದ. ದಾರಿಯುದ್ದಕ್ಕೂ ಒಬ್ಬನೇ ನಗುತ್ತಿದ್ದ.

ಮನೆಯ ಮುಂದೆ ಓಣಿಯ ಅರ್ಧ ಜನ ಸೇರಿದ್ದರು. ನನ್ನನ್ನು ನೋಡಲಿಕ್ಕೆ ಎಂದುಕೊಂಡು ಉಬ್ಬಿದೆ. ಅವ್ವ ಹೊರಗೆ ಬಂದು ತಲೆ ನೇವರಿಸಿ ಒಳಗೆ ಕರೆದುಕೊಂಡಳು. ನಾನು ಪಡಸಾಲೆಯಲ್ಲಿ ಕಾಲಿಟ್ಟು ಹಿಂತಿರುಗಿ ನೋಡಿದರೆ ಶೋಭಾ ಮನೆಯ ಪಕ್ಕದ ಸಂದಿಯಿಂದ ಬಂದು ಅಂಗಳದಲ್ಲಿ ನಿಂತಳು. ತುಂಬಿದ ಹೊಟ್ಟೆ, ಹಸಿರು ಸೀರೆ, ತಲೆಯ ಮೇಲೆ ಸೆರಗು. ಸಮ್ಯಾ ಹೋಗಿ ಅವಳ ಪಕ್ಕದಲ್ಲಿ ನಿಂತ.

“ಒಳಗ ಬಾರವ್ವಾ, ಹೊರಗ್ಯಾಕ ನಿಂತಿ?” ಎಂದೆ.

ಅವಳು ನಕ್ಕು ತಲೆ ತಗ್ಗಿಸಿದಳು. ಗಂಗವ್ವಾಯಿ ಕಟ್ಟೆಯ ಮೇಲಿಂದ ದನಿ ಎತ್ತಿದರು. “ಹ್ಯಾಂಗ ಬರ್ತಾಳ? ನಿನ್ನ ತಮ್ಮ ಬಿಟ್ಟರ ಅಲ್ಲ? ಮದುವಿ ದಿನ ನನ್ನ ಮಗಳು ಬಾಗಲಾ ತಡ್ಯಾಕ ನಿಂತಿದ್ಲು. ಇಂವಾ ಒಲ್ಲೆ ಅಂದ. ನಮ್ಮಕ್ಕನ ಜಾಗಾ ಅದು, ಆಕಿ ಬರೂತನಕ ನಾವು ತಲಬಾಗಲದಾಗ ಬರೂದಿಲ್ಲ ಅಂತ ಹೆಂಡತಿ ಕೈ ಹಿಡ್ಕೊಂಡು ಹಿತ್ತಲ ಬಾಗಲದಾಗ ಒಳಗ ಹೋದ. ಅವತ್ತಿಂದ ಇವತ್ತಿನತನಕ ಇಬ್ಬರೂ ಹಿತ್ತಲ ಬಾಗಲದಾಗ ಅಡ್ಡಾಡಾಕತ್ತಾರ. ಮಳಿಗಾಲದಾಗ ರಾಡಿ ತುಳಕೋತ. ನೀ ಇನ್ನೊಂದ ತಿಂಗಳ ತಡಾ ಮಾಡಿದ್ದರ ಈಕಿ ಆ ಸಣ್ಣ ಬಾಗಲದಾಗ ಹಿಡೀತಿದ್ದಿಲ್ಲ ನೋಡ.”

ಓಣಿಯೆಲ್ಲ ನಕ್ಕಿತು. ನಾನು ಅವ್ವನನ್ನು ನೋಡಿದೆ. “ಹೇಳಬ್ಯಾಡ ಅಂದಿದ್ದ. ಹೇಳಿದ್ರ ಅಕ್ಕನ ಮನಸ್ಸ ಅಲ್ಲಿ ನಿಲ್ಲೂದಿಲ್ಲ ಅಂದ,” ಎಂದಳು. ನನಗೆ ಸಂತೋಷ ತಡೆಯಲಾಗಲಿಲ್ಲ. ಎಲ್ಲರ ಎದುರಿಗೆ ಅತ್ತೆ, ಸೆರಗಿನಿಂದ ಮೂಗು ಒರೆಸಿಕೊಂಡೆ, ಆಮೇಲೆ ತಲಬಾಗಿಲಿಗೆ ಬಂದು ಎರಡೂ ಕೈ ಚಾಚಿ ಅಡ್ಡ ನಿಂತೆ.

“ಹೆಸರ ಹೇಳ್ರಿ,” ಎಂದೆ.

ಸಮ್ಯಾ ಗಂಟಲು ಸರಿಮಾಡಿಕೊಂಡ. ಎಷ್ಟು ತಿಂಗಳಿಂದ ಕಟ್ಟಿ ಇಟ್ಟುಕೊಂಡಿದ್ದನೋ ಏನೋ.

“ಸಿಂದಗಿ ಸಂತ್ಯಾಗ ತಂದೇನಿ ಸೀರಿ,
ಚಡಚಣದ ಶೋಭಾ ನನ್ನ ಮನಿ ಸೇರಿ,
ಹೊರಗ ನಿಂತೇವಿ, ಅಕ್ಕಾ, ಬಿಡ ದಾರಿ.”

ಶೋಭಾ ಅವನಿಗಿಂತ ಜೋರು.

“ಇಂಡಿ ಲಿಂಬಿಹಣ್ಣಾಗ ತುಂಬೇತಿ ರಸಾ,
ಹಿತ್ತಲದಾಗ ಅಡ್ಡಾಡೇನಿ ಇಷ್ಟ ದಿವಸಾ,
ಸಮುವೇಲರ ಹೆಸರ ಹೇಳೇನಿ, ಬಿಡ್ರಿ ಅಕ್ಕಾರ ಮುನಸಾ.”

ಈಗ ನನ್ನ ಬೇಡಿಕೆ. ಸಣ್ಣವಳಿದ್ದಾಗಿನಿಂದ ಯೋಚಿಸಿ ಇಟ್ಟದ್ದೆಲ್ಲ ತಲೆಯಿಂದ ಹಾರಿಹೋಗಿತ್ತು. ನನಗೆ ಮದುವೆಯಿಲ್ಲ, ಮಗನಿಲ್ಲ, ಹೆಣ್ಣು ಕೇಳುವ ಹಾಗಿಲ್ಲ. ಮುಂದಿನ ವರ್ಷ ನಾನು ಮತ್ತೆ ಹೊರಡುವವಳು, ಅದು ಎಲ್ಲರಿಗೂ ಗೊತ್ತಿತ್ತು. ಶೋಭಾಳ ಹೊಟ್ಟೆಯ ಕಡೆ ನೋಡಿದೆ.

“ಹೆಣ್ಣ ಹುಟ್ಟಿದ್ರ ಆಕಿಗೆ ಬಾಗಲಾ ತಡಿಯೂದ ಕಲಸ್ರಿ. ನಾ ಇಲ್ಲದಾಗ ಈ ಮನ್ಯಾಗ ಯಾರದರ ಮದುವಿ ಆತಂದ್ರ ನನ್ನ ಜಾಗಾದಾಗ ನಿಲ್ಲಾಕ ಒಬ್ಬಾಕಿ ಬೇಕು,” ಎಂದೆ.

ಸಮ್ಯಾ ತಲೆಯಾಡಿಸಿದ. “ಅದೊಂದ ಆಗೂದಿಲ್ಲಕ್ಕಾ. ಕೂಸು ತನ್ನ ತಮ್ಮನ ಬಾಗಲಾ ತಡೀಲಿ. ನಿನ್ನ ಜಾಗಾದಾಗ ಯಾರೂ ನಿಲ್ಲೂದಿಲ್ಲ. ನೀ ಎಲ್ಲೇ ಇರು, ಎಷ್ಟ ವರ್ಷಾನ ಆಗ್ಲಿ, ನೀ ಬರೂತನಕ ನಾವು ಹಿತ್ತಲ ಬಾಗಲದಾಗ ಅಡ್ಡಾಡ್ತೇವಿ.”

ನನ್ನ ಚಾಚಿದ ಕೈಗಳು ಹಾಗೇ ಇದ್ದವು.

“ನಾ ಅಂತೂ ಇನ್ನ ಒಲ್ಲೆರಿ,” ಎಂದಳು ಶೋಭಾ, ಸೊಂಟಕ್ಕೆ ಕೈ ಕೊಟ್ಟುಕೊಂಡು. “ಮದ್ಲ ಒಳಗ ಬಿಡ್ರಿ ಅಕ್ಕಾರ, ಕಾಲ ನೋಯಾಕತ್ತಾವು.”

ನಾನು ಪಕ್ಕಕ್ಕೆ ಸರಿದೆ. ಶೋಭಾ ನನ್ನ ತೋಳು ಹಿಡಿದುಕೊಂಡು, ಬಲಗಾಲಿಟ್ಟು, ತಲಬಾಗಿಲಿನಿಂದ ಒಳಗೆ ಬಂದಳು.